ನೀಲಿ ಪಟ್ಟಿಯ ಮಂದೆ

"ಯಮುನಕ್ಕಾ, ಈ ವಾರದ ಹೆಣ ಎಲ್ಲಿ?"

ಮಂಗಳವಾರ ಬೆಳಿಗ್ಗೆ ಹತ್ತಾಯಿತೆಂದರೆ ಶಿಕಾರಿಪುರದಿಂದ ರವಿಯ ಫೋನು ಬರುತ್ತದೆ. ಅವನು ಅಲ್ಲಿಂದ ಎಂಟು ಪುಟದ ಒಂದು ವಾರಪತ್ರಿಕೆ ಹೊರಡಿಸುತ್ತಾನೆ. ಆರನೇ ಪುಟ ನನ್ನದು. ಹನ್ನೆರಡು ವರ್ಷದಿಂದ ಆ ಪುಟದಲ್ಲಿ ವಾರಕ್ಕೊಂದು ಕೊಲೆಯ ಕಥೆ ಬರೆಯುತ್ತಿದ್ದೇನೆ.

"ಇನ್ನೂ ಸತ್ತಿಲ್ಲ ಮಾರಾಯ. ಸಂಜೆವರೆಗೆ ಟೈಮ್ ಕೊಡು."

"ಹೋದ ವಾರದ್ದಕ್ಕೆ ಜನ ಏನಂದ್ರು ಗೊತ್ತೇನಕ್ಕಾ? ಆ ಮಚ್ಚು, ಈ ಮಚ್ಚು, ಎಲ್ಲಾ ಒಂದೇ ಮಚ್ಚು ಅಂದ್ರು. ಸಲೂನಿನ ಹುಚ್ಚರಾಯಪ್ಪ ಅರ್ಧಕ್ಕೇ ಪೇಪರ್ ಮಡಚಿಟ್ಟು ಕತ್ರಿ ತಗಂಡ್ನಂತೆ."

ಅದು ನನಗೆ ಚುಚ್ಚಿತು. ಹುಚ್ಚರಾಯಪ್ಪ ಶುಕ್ರವಾರ ಪತ್ರಿಕೆ ಬಂದ ತಕ್ಷಣ ಕ್ಷೌರಕ್ಕೆ ಕಾದು ಕೂತವರಿಗೆಲ್ಲ ಆರನೇ ಪುಟ ಗಟ್ಟಿಯಾಗಿ ಓದಿ ಹೇಳುವವನು. ಕೊಂಡು ಓದುವವರಿಗಿಂತ ಅವನ ಬಾಯಿಂದ ಕೇಳುವವರೇ ಹೆಚ್ಚು. ಅವನು ಮಡಚಿಟ್ಟನೆಂದರೆ ಊರೇ ಮಡಚಿಟ್ಟಂತೆ.

ನಾನಿರುವುದು ಸೊರಬದಲ್ಲಿ. ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ಒಂದು ಸಣ್ಣ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೆ ಕೂರಲು ಒಂದು ಬೆಂಚು. ಪಹಣಿ ತಿದ್ದುಪಡಿಗೆ, ಪಿಂಚಣಿಗೆ, ಪಕ್ಕದವನು ಬೇಲಿ ಸರಿಸಿದ್ದಕ್ಕೆ, ಗಂಡ ಹೊಡೆದದ್ದಕ್ಕೆ ಜನ ನನ್ನ ಹತ್ತಿರ ಅರ್ಜಿ ಬರೆಸುತ್ತಾರೆ. ನಾನು ಓದಿದ್ದು ಹತ್ತನೇ ಕ್ಲಾಸು, ಅದೂ ಎರಡನೇ ಸಲಕ್ಕೆ.

ಆದರೆ ಓದುವ ಚಟ ಬಹಳ ಹಳೆಯದು. ನಾನು ಹುಡುಗಿಯಾಗಿದ್ದಾಗ ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ಬಾಡಿಗೆ ಪುಸ್ತಕದ ಅಂಗಡಿಯೊಂದಿತ್ತು. ದಿನಕ್ಕೆ ಐವತ್ತು ಪೈಸೆಗೆ ಒಂದು ಪತ್ತೇದಾರಿ ಕಾದಂಬರಿ. ಯಾವನೋ ಪುಣ್ಯಾತ್ಮ ನನಗಿಂತ ಮುಂಚೆ ಅವನ್ನೆಲ್ಲ ಓದಿ, ಪ್ರತಿಯೊಂದರ ಕೊನೆಯ ಎರಡು ಹಾಳೆ ಹರಿದಿಡುತ್ತಿದ್ದ. ಹೆಣ ಬಿದ್ದಿದೆ, ರಕ್ತ ಹರಿದಿದೆ, ಐದು ಜನರ ಮೇಲೆ ಅನುಮಾನ ಬಂದಿದೆ, ಮುಂದೆ ಬರೀ ಬೈಂಡಿನ ದಾರ. ಅಂಗಡಿಯವನನ್ನು ಕೇಳಿದರೆ, "ಕೊನೆ ಇಲ್ಲ ಅಂತಾನೇ ಐವತ್ತು ಪೈಸೆ, ಇದ್ದಿದ್ರೆ ಒಂದು ರೂಪಾಯಿ" ಎನ್ನುತ್ತಿದ್ದ. ಹಾಗಾಗಿ ಕೊಂದವರು ಯಾರು ಎಂದು ನಾನೇ ಕಟ್ಟಿಕೊಳ್ಳಬೇಕಾಯಿತು. ನಾನು ಬರೆಯಲು ಕಲಿತದ್ದು ಹೀಗೆ.

ಆ ಅಂಗಡಿ ಮುಚ್ಚಿತು. ಮದುವೆಯಾಗಿ ಸೊರಬಕ್ಕೆ ಬಂದೆ, ಗಂಡ ತೀರಿಕೊಂಡರು, ಅರ್ಜಿ ಬರೆಯಲು ಕೂತೆ. ಓದೂ ಬದಲಾಯಿತು. ಅರ್ಜಿಗೆ ಲಗತ್ತಿಸಲು ಜನ ತರುವ ಗಾಯದ ಸರ್ಟಿಫಿಕೇಟು, ಮರಣೋತ್ತರ ಪರೀಕ್ಷೆಯ ವರದಿ ಇವನ್ನೇ ಓದತೊಡಗಿದೆ. 'ಎಡ ಪಕ್ಕೆಲುಬಿನ ಮೇಲೆ ಆರು ಸೆಂಟಿಮೀಟರ್ ಉದ್ದದ, ಎಲುಬು ಕಾಣುವಷ್ಟು ಆಳದ ಗಾಯ.' ಇಷ್ಟು ಚೊಕ್ಕ ವಾಕ್ಯವನ್ನು ಯಾವ ಕಾದಂಬರಿಯಲ್ಲೂ ಓದಿರಲಿಲ್ಲ. ಅಂಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ವಾರಕ್ಕೊಂದರಂತೆ ಕಥೆಗೆ ಹಾಕುತ್ತಿದ್ದೆ.

ಈ ವರ್ಷ ಆ ನೋಟ್‌ಬುಕ್ಕೂ ಬರಿದಾಯಿತು. ಬಾವಿಗೆ ತಳ್ಳಿ ಆಗಿತ್ತು, ಕರೆಂಟು ಹಾಯಿಸಿ ಆಗಿತ್ತು, ತೋಟಕ್ಕೆ ಹೊಡೆಯುವ ಔಷಧಿ ಕುಡಿಸಿ ಆಗಿತ್ತು. ಭಾನುವಾರ ಲೈಬ್ರರಿಗೆ ಹೋಗಿ ಹಳೇ ಪತ್ರಿಕೆಗಳ ಕಟ್ಟು ಬಿಚ್ಚಿದರೆ ಅಲ್ಲಿ ಸತ್ತವರೆಲ್ಲ ನನ್ನ ಕಥೆಯಲ್ಲಿ ಆಗಲೇ ಒಂದೊಂದು ಸಲ ಸತ್ತವರು. ಅವತ್ತು ರವಿಯ ಫೋನು ಇಟ್ಟ ಮೇಲೆ ಕಂಪ್ಯೂಟರ್ ಮುಂದೆ ಒಂದು ಗಂಟೆ ಕೂತೆ. 'ಅವನು ಮಚ್ಚು ಎತ್ತಿದ' ಎಂದು ಹೊಡೆದು, ಅಳಿಸಿದೆ. ಅದನ್ನೇ ಮತ್ತೆ ಹೊಡೆದೆ.

ಆಗ ಬಾಗಿಲಲ್ಲಿ ನೆರಳು ಬಿತ್ತು.

"ನಮಸ್ಕಾರ್ರೀ ಅಮ್ಮಾರ. ಈ ಹುಡುಗಿಗೆ ಒಂದು ಅರ್ಜಿ ಬರ್ದು ಕೊಡ್ಬೇಕ್ರೀ."

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಅರವತ್ತರ ಆಸುಪಾಸಿನ ಮನುಷ್ಯ. ಹೆಸರು ಸಣ್ಣಬೀರಪ್ಪ. ಅವನ ಹಿಂದೆ ಇಪ್ಪತ್ತೈದರ ಹುಡುಗಿ, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಅವಳು ಮಮತಾ.

"ಮಗಳಾ?"

"ಮಗಳಲ್ರೀ. ಹೋದ ವರ್ಷ ಗೊಬ್ಬರಕ್ಕಂತ ಇವ್ರ ಹೊಲದಾಗ ಮೂರು ರಾತ್ರಿ ನನ್ ಕುರಿ ನಿಲ್ಲಿಸಿದ್ದೆ. ಆಗ ರೊಟ್ಟಿ ತಂದು ಕೊಟ್ಟಾಕಿ. ಅಷ್ಟ ಪರಿಚಯ. ಮೊನ್ನೆ ಹರದಾರಿ ನಡ್ಕಂಡು ಬಂದು ನಮ್ ಬಿಡಾರದ ಮುಂದ ಕುಂತಿದ್ಲು. ನನ್ ಹೆಂಡ್ತಿ ಒಳಗ ಕರ್ಕಂಡ್ಲು."

ಬೆಂಚಿನ ಮೇಲೆ ಕೂರಿಸಿ, ಪಕ್ಕದಂಗಡಿಯಿಂದ ಚಹಾ ತರಿಸಿದೆ. ಅರ್ಜಿ ಬರೆಸುವವರಿಗೆ ಮೊದಲು ಬಿಸಿ ಏನಾದರೂ ಕುಡಿಸಬೇಕು. ಇಲ್ಲದಿದ್ದರೆ ಅಳುತ್ತಾರೆ, ತಾರೀಕು ತಪ್ಪಿ ಹೇಳುತ್ತಾರೆ.

"ನಿನ್ ಗಂಡ ಏನ್ ಮಾಡಿದ, ಹೇಳವ್ವ."

ಅವಳು ಸೆರಗು ಬಿಚ್ಚಿದಳು. ಮೊಣಕೈಯಿಂದ ಮುಂಗೈವರೆಗೆ ಹೊಲಿಗೆ. ಚೀಲದ ಬಾಯಿ ಹೊಲಿದ ಹಾಗೆ ದೊಡ್ಡ ದೊಡ್ಡ ಹೊಲಿಗೆ. ಸುತ್ತಲೂ ಚರ್ಮ ಕಪ್ಪಾಗಿ ಉಬ್ಬಿತ್ತು.

"ಅಡಿಕೆ ಸುಲೀತಿದ್ದೆ. ಕಾಯಿ ಮೇಲೆ ಗೀರು ಬೀಳ್ತೈತೆ, ಇದನ್ನ ಯಾವನು ತಗಂತಾನೆ ಅಂದ. 'ಕಾಯಿಗೆ ನೋವಾಗದಂಗೆ ಹೆಂಗೆ ಸುಲೀಬೇಕು ತೋರಿಸ್ತೀನಿ ಬಾ' ಅಂದು ಕೈ ಹಿಡ್ಕಂಡ. ಮೆಟ್ಟುಗತ್ತಿಗೆ ಇಟ್ಟು ಒತ್ತಿದ. ಒತ್ತಿ ಎಳ್ದ."

ಮೆಟ್ಟುಗತ್ತಿ ಎಂದರೆ ಮಣೆಗೆ ನಿಲ್ಲಿಸಿದ ಬಾಗಿದ ಅಲಗು. ಹೆಂಗಸರು ಮಣೆಯನ್ನು ಕಾಲಿನಲ್ಲಿ ಮೆಟ್ಟಿ ಕೂತು, ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಅಂಥ ಅಲಗಿಗೆ ದೇವರಾಜನೆಂಬ ಅವಳ ಗಂಡ ಅವಳ ಕೈ ಇಟ್ಟಿದ್ದ.

ನನಗೆ ಅಯ್ಯೋ ಎನಿಸಿತು. ಸುಳ್ಳಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ಅದನ್ನೂ ಹೇಳುತ್ತೇನೆ. ಮೆಟ್ಟುಗತ್ತಿ! ಹನ್ನೆರಡು ವರ್ಷದಲ್ಲಿ ಇದು ನನಗೆ ಹೊಳೆದೇ ಇರಲಿಲ್ಲವಲ್ಲ ಎನಿಸಿತು.

"ಗಾಯದ ಸರ್ಟಿಫಿಕೇಟು?"

"ಆಸ್ಪತ್ರೇಲಿ ಅವನೇ ಪಕ್ಕದಲ್ಲಿ ನಿಂತಿದ್ದ. ಕಾಲು ಜಾರಿ ಕತ್ತಿ ಮೇಲೆ ಬಿದ್ಲು ಅಂತ ಬರೆಸ್ದ. ನಾನು ಹೌದು ಅಂದೆ. ಅಲ್ಲ ಅಂದಿದ್ರೆ ಇನ್ನೊಂದು ಕೈ ಹೋಗ್ತಿತ್ತು."

"ಯಾರಾದರೂ ನೋಡಿದಾರಾ?"

"ಇಲ್ಲ."

ಸಾಕ್ಷಿ ಇಲ್ಲದ ಅರ್ಜಿ ಕುಂಟುತ್ತದೆಂದು ನನಗೆ ಗೊತ್ತು. ಆದರೂ ರಕ್ಷಣೆ ಕೋರಿ ಅರ್ಜಿ ಬರೆದೆ. ಯಾವ ಬಾಗಿಲಿಗೆ ಹೋಗಬೇಕು, ಯಾರ ಕೈಗೆ ಕೊಡಬೇಕು, ಸ್ವೀಕೃತಿಯ ಸೀಲು ಹಾಕಿಸದೆ ಬರಬೇಡಿ ಎಂದೆಲ್ಲ ಹೇಳಿದೆ. ಸಣ್ಣಬೀರಪ್ಪನ ಫೋನ್ ನಂಬರನ್ನು ಅರ್ಜಿಯ ಕೆಳಗೆ ಹಾಕಿ, ಒಂದು ಪ್ರತಿ ನನ್ನ ಫೈಲಿಗೆ ಸೇರಿಸಿದೆ.

"ಇದು ವಿಚಾರಣೆಗೆ ಬರೋಕೆ ಎರಡು ಮೂರು ವಾರ ಆಗುತ್ತೆ. ಅಲ್ಲಿವರೆಗೆ ಎಲ್ಲಿರ್ತೀಯ? ತವರಿಗೆ ಹೋಗ್ತೀಯಾ?"

"ಅಲ್ಲಿಗೆ ಎರಡು ಸಲ ಬಂದು ಬಾಗಿಲು ಒಡ್ದಾನೆ."

"ಕುರಿ ಹಿಂದ ಇರ್ತಾಳ್ರೀ" ಎಂದ ಸಣ್ಣಬೀರಪ್ಪ. "ಅಮಾವಾಸ್ಯಿ ತನಕ ಬಂದಳಿಕೆ ಕಡೆ ಹೊಲ ಮಾತಾಡೀನಿ. ಅಲ್ಲಿ ಮುರಿದ ಗುಡಿ, ಶಾಸನದ ಕಲ್ಲು, ಹೊಲ, ಅಷ್ಟ. ಕುರಿ ಕಾಯೋರ ಬಿಡಾರಕ್ಕ ಯಾರ್ ಬಂದು ನೋಡ್ತಾರ್ರೀ? ನಮ್ ಕುರಿ ಬ್ಯಾರೆ ಮಂದೆಗೂಡ ಬೆರ್ಯಂಗಿಲ್ಲ. ಕುತ್ತಿಗಿ ಸುತ್ತ ನೀಲಿ ಬಣ್ಣದ ಪಟ್ಟಿ, ಬಲಗಿವಿಗೆ ಎರಡು ಕಚ್ಚು. ಈ ಸೀಮ್ಯಾಗ ಆ ಗುರುತು ನನ್ನದೊಂದ."

ಅದನ್ನು ಹೇಳುವಾಗ ಅವನಿಗೆ ಸ್ವಲ್ಪ ಜಂಬ.

"ನೋಡಪ್ಪ, ಈ ಮಾತು ಈ ಬೆಂಚು ದಾಟಬಾರದು. ಟೀ ಅಂಗಡೀಲೂ ಬಾಯಿ ಬಿಡಬೇಡ" ಎಂದೆ. ಹಾಗೆಂದವಳು ನಾನೇ.

ಅವರು ಹೋದ ಮೇಲೆ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಎಷ್ಟೋ ತಿಂಗಳ ಮೇಲೆ ಬೆರಳುಗಳು ತಾವಾಗಿಯೇ ಓಡಿದವು. ಅಲಗು ಚರ್ಮಕ್ಕೆ ಇಳಿಯುವ ಸದ್ದು, ಸಿಪ್ಪೆಯ ರಾಶಿಯ ಮೇಲೆ ಹನಿಯುವ ರಕ್ತ, 'ಕಾಯಿಗೆ ನೋವಾಗದಂಗೆ' ಎಂಬ ಆ ಮಾತು, ಎಲ್ಲ ಬಂತು. ನಾನು ಮೂರ್ಖಳಲ್ಲ, ಬದಲಿಸಬೇಕಾದ್ದನ್ನು ಬದಲಿಸಿದೆ. ಹೆಂಡತಿಯ ಹೆಸರು, ಗಂಡನ ಹೆಸರು, ಕುರುಬನ ಹೆಸರು ಬೇರೆ. ಊರಿನ ಹೆಸರು ಬರೆಯಲೇ ಇಲ್ಲ, ಮುರಿದ ಕಲ್ಲುಗುಡಿ ಎಂದಷ್ಟೇ ಬರೆದೆ. ಬಲಗೈಯನ್ನು ಎಡಗೈ ಮಾಡಿದೆ. ಅವಳು ತಪ್ಪಿಸಿಕೊಂಡು ಕುರಿಮಂದೆಯಲ್ಲಿ ಅಡಗುತ್ತಾಳೆ. ಮಂದೆ ಕಣ್ಣಿಗೆ ಕಟ್ಟಬೇಕಲ್ಲ? ಕುತ್ತಿಗೆಗೆ ನೀಲಿ ಪಟ್ಟಿ, ಕಿವಿಗೆ ಎರಡು ಕಚ್ಚು ಎಂದು ಬರೆದೆ. ಆರನೇ ಪುಟಕ್ಕೆ ಹೆಣ ಬೇಕೇ ಬೇಕು. ಹಾಗಾಗಿ ಕೊನೆಯಲ್ಲಿ ಗಂಡ ಮಂದೆಯನ್ನು ಹುಡುಕಿಕೊಂಡು ಬಂದು, ಕಲ್ಲುಗುಡಿಯ ಮೆಟ್ಟಿಲ ಮೇಲೆ ಅವಳ ಕುತ್ತಿಗೆ ಕಡಿಯುತ್ತಾನೆ.

ಶುಕ್ರವಾರ ಮಧ್ಯಾಹ್ನ ರವಿ ಫೋನ್ ಮಾಡಿ ಕುಣಿದಾಡಿದ. "ಅಕ್ಕಾ, ಹುಚ್ಚರಾಯಪ್ಪ ಎರಡು ಸಲ ಓದ್ದ! ಅರ್ಧ ಗಡ್ಡ ಹೆರೆಸ್ಕಂಡೋರು ಹಂಗೇ ಕುಂತಿದ್ರು. ಮೆಟ್ಟುಗತ್ತಿ ಎಲ್ಲಿಂದ ಹಿಡಿದ್ರಿ?"

"ಬಂತು ಮಾರಾಯ, ಎಲ್ಲಿಂದಲೋ" ಎಂದೆ.

ಮರುದಿನ ಎರಡನೇ ಶನಿವಾರ. ಕಚೇರಿಗೆ ರಜೆ, ಸಾಲಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಬಾಕಿ ಉಳಿದ ಅರ್ಜಿ ಮುಗಿಸೋಣವೆಂದು ನಾನೊಬ್ಬಳೇ ಬಂದಿದ್ದೆ. ಹನ್ನೊಂದರ ಹೊತ್ತಿಗೆ ಬೈಕೊಂದು ಬಂದು ನಿಂತಿತು. ಮೂವತ್ತೈದರ ಗಂಡಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ರವಿಯ ಪತ್ರಿಕೆ.

"ಆರನೇ ಪುಟದ ಯಮುನಮ್ಮಾರು ನೀವೇ ಅಲ್ಲೇನ್ರೀ?"

"ಹೌದು, ಬನ್ನಿ." ಹೀಗೆ ಓದುಗರು ವರ್ಷಕ್ಕೊಬ್ಬರೋ ಇಬ್ಬರೋ ಹುಡುಕಿಕೊಂಡು ಬರುತ್ತಾರೆ. ನನಗೆ ಖುಷಿಯಾಯಿತು.

"ನಿನ್ನೆ ಗಡ್ಡ ಮಾಡಿಸ್ಕೊಳ್ಳಾಕ ಕುಂತಾಗ ಕೇಳ್ದೆ. ಭಾಳ ಚೆಂದ ಬರ್ದೀರಿ. ನಿಮ್ ಬಾಯಿಂದ ಒಂದ್ಸಲ ಕೇಳ್ಬೇಕನ್ನಿಸ್ತು. ಓದ್ತೀರೇನು?"

ನನ್ನ ಕಥೆಯನ್ನು ನನ್ನ ಬಾಯಿಂದ ಕೇಳಬೇಕೆಂದವರು ಈವರೆಗೆ ಯಾರೂ ಇಲ್ಲ. ಕನ್ನಡಕ ಹಾಕಿಕೊಂಡು ಓದಿದೆ. ಚೆನ್ನಾಗಿಯೇ ಓದಿದೆ. ಅವನು ಬೆಂಚಿನ ಮೇಲೆ ಕೂತು ತಲೆ ಆಡಿಸುತ್ತಿದ್ದ. 'ಅವಳ ಎಡಗೈ ಹಿಡಿದು ಅಲಗಿಗೆ ಒತ್ತಿದ' ಎಂಬಲ್ಲಿಗೆ ಬಂದಾಗ ಬೆರಳೆತ್ತಿದ.

"ಅಲ್ಲೊಂದು ತಪ್ಪೈತಿ ನೋಡ್ರಿ."

"ಯಾವುದು?"

"ಎಡಗೈ ಅಲ್ಲ. ಬಲಗೈ."

ಅವನು ನಗುತ್ತಿದ್ದ.

"ಉಳಿದಿದ್ದೆಲ್ಲ ಸರಿ ಐತಿ. ಈ ನೀಲಿ ಪಟ್ಟಿ ಕುರಿ ಹೋದ ವರ್ಷ ನನ್ ಹೊಲದಾಗ ಮೂರು ರಾತ್ರಿ ನಿಂತಿದ್ವು. ಆ ಮುದುಕ ನನ್ ತಲೀಗೇ ಬಂದಿರ್ಲಿಲ್ಲ ನೋಡ್ರಿ. ಎಲ್ಲೆಲ್ಲೋ ಹುಡುಕಿದೆ. ಮುರಿದ ಗುಡಿ ಅಂದ್ರ ಬಂದಳಿಕೆ. ಹೌದಿಲ್ಲೋ?"

ಮನುಷ್ಯರ ಹೆಸರನ್ನೆಲ್ಲ ಬದಲಿಸಿದ್ದೆ. ಕುರಿಗಳ ಗುರುತು ಬದಲಿಸಿರಲಿಲ್ಲ.

"ಅದು ಬರೀ ಕಥೆ ಕಣಪ್ಪ. ಕಟ್ಟಿ ಬರ್ದಿದ್ದು" ಎನ್ನುತ್ತ ಮೇಜಿನ ಮೇಲಿದ್ದ ಫೋನಿಗೆ ಕೈ ಹಾಕಿದೆ. ಗಾಳಿಗೆ ಹಾರದಂತೆ ಕಾಗದದ ಮೇಲೆ ಇಡಲು ಟ್ರ್ಯಾಕ್ಟರಿನ ಹಳೇ ಕಬ್ಬಿಣದ ತುಂಡೊಂದನ್ನು ಇಟ್ಟುಕೊಂಡಿದ್ದೆ. ಅವನು ಅದನ್ನು ಎತ್ತಿ ಫೋನಿನ ಮೇಲೆ ಬಡಿದ. ಫೋನಿನ ಮೇಲೆ ನನ್ನ ಕೈಯಿತ್ತು. ಕಡ್ಡಿ ಮುರಿದ ಸದ್ದು ಬಂತು. ನೋವು ಆಮೇಲೆ ಬಂತು. ಅವನು ಇನ್ನೊಮ್ಮೆ ಎತ್ತಿ, ಗುರಿ ನೋಡಿ, ಬಡಿದ. ತೋರುಬೆರಳೂ ನಡುಬೆರಳೂ ಪಕ್ಕಕ್ಕೆ ತಿರುಗಿಕೊಂಡವು, ಉಗುರಿನ ಸಂದಿಯಿಂದ ರಕ್ತ ಚಿಮ್ಮಿ ಯಾರದೋ ಪಿಂಚಣಿ ಅರ್ಜಿಯ ಮೇಲೆ ಬಿತ್ತು.

"ಇನ್ನೊಂದು ಮಾತು. ಆ ಕೊನೆ ಮಾತ್ರ ಬರೋಬ್ಬರಿ ಬರ್ದೀರಿ" ಎಂದು ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ. ಬೈಕಿಗೆ ಕಟ್ಟಿದ್ದ ಗೋಣಿಚೀಲದಲ್ಲಿ ಏನೋ ಉದ್ದನೆಯದಿತ್ತು.

ಕಿರುಚಿಕೊಂಡು ಹೊರಗೆ ಓಡಿದೆ. ಸಾಲಿನ ಕೊನೆಯಲ್ಲಿ ಸಾಮಾನು ಗಾಡಿ ಓಡಿಸುವ ನವೀನ್ ಗಾಡಿ ತೊಳೆಯುತ್ತಿದ್ದ.

"ಏನಾಯ್ತು ಯಮುನಕ್ಕಾ! ಕೈ ಎಂಥ ಮಾಡ್ಕೊಂಡ್ರಿ?"

"ನಿನ್ನ ಫೋನ್ ಕೊಡು. ಗಾಡಿ ತೆಗಿ. ಒಂದು ಹುಡುಗಿ ಸಾಯ್ತಾಳೆ."

ಮತ್ತೆ ಅಂಗಡಿಯೊಳಗೆ ಓಡಿ ಫೈಲಿನಿಂದ ಮಮತಾಳ ಅರ್ಜಿ ಎಳೆದು ಸಣ್ಣಬೀರಪ್ಪನ ನಂಬರು ಹೊಡೆಸಿದೆ. ಸ್ವಿಚ್ ಆಫ್. ಬಿಡಾರದಲ್ಲಿ ಕರೆಂಟಿಲ್ಲ, ಫೋನನ್ನು ಯಾವುದೋ ಅಂಗಡಿಯಲ್ಲಿ ಚಾರ್ಜಿಗೆ ಇಟ್ಟು ಬಂದಿರುತ್ತಾರೆ. ಪೊಲೀಸರ ಒಂದು ಒಂದು ಎರಡು ನಂಬರಿಗೆ ಫೋನ್ ಮಾಡಿ ಹೇಳಿದೆ. ಹತ್ತಿರದ ಗಾಡಿ ಕಳಿಸುತ್ತೇವೆ ಎಂದರು. ನವೀನ್ ತನ್ನ ಟವೆಲ್ಲಿನಲ್ಲಿ ನನ್ನ ಕೈ ಸುತ್ತಿ ಗಾಡಿ ಬಿಟ್ಟ.

ಶಿರಾಳಕೊಪ್ಪದ ದಾರಿಯುದ್ದಕ್ಕೂ ಅವನು ಹಾರ್ನಿನಿಂದ ಕೈ ತೆಗೆಯಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ನನ್ನ ಬೆರಳೊಳಗೆ ಎಲುಬು ಎಲುಬಿಗೆ ಉಜ್ಜುತ್ತಿತ್ತು. ಹೇಸಿಗೆಯ ವಿಷಯ ಹೇಳುತ್ತೇನೆ: ಆಗಲೂ ನನ್ನ ತಲೆ ಆ ನೋವಿಗೆ ಒಂದು ವಾಕ್ಯ ಹುಡುಕುತ್ತಿತ್ತು. 'ಒದ್ದೆ ಚೀಲದೊಳಗಿನ ಗಾಜಿನ ಚೂರು' ಎಂದು ಕಟ್ಟಿತು, ಸರಿಯಿಲ್ಲವೆಂದು ಬಿಟ್ಟಿತು, ಇನ್ನೊಂದನ್ನು ಹುಡುಕಿತು. ಎಡಗೈಯಿಂದ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ನವೀನ್ ಒಮ್ಮೆ ತಿರುಗಿ ನೋಡಿ ಗಾಡಿಯ ವೇಗ ಹೆಚ್ಚಿಸಿದ.

ಬಂದಳಿಕೆಯ ಗುಡಿಗಳ ಹಿಂದಿನ ಹೊಲದಲ್ಲಿ ಮೊದಲು ಕಂಡದ್ದು ಮಂದೆ ಕಾಯುವ ನಾಯಿ. ಬೆನ್ನಿನ ಮೇಲೆ ಮಚ್ಚಿನ ಏಟು ಬಿದ್ದಿತ್ತು. ಹಿಂದಿನ ಕಾಲುಗಳು ಸತ್ತಿದ್ದವು, ಮುಂದಿನ ಕಾಲಲ್ಲಿ ನೆಲ ಕೆರೆದುಕೊಂಡು ಇನ್ನೂ ಮಂದೆಯ ಕಡೆಗೇ ತೆವಳುತ್ತಿತ್ತು. ಕುರಿಗಳು ದಿಕ್ಕಾಪಾಲಾಗಿ ಬಿದ್ದ ಕಂಬಗಳ ಸಂದಿಯಲ್ಲೆಲ್ಲ ನುಗ್ಗಿದ್ದವು. ಎಲ್ಲಿ ನೋಡಿದರೂ ನೀಲಿ ಕುತ್ತಿಗೆ.

ಸಣ್ಣಬೀರಪ್ಪ ಶಾಸನದ ಕಲ್ಲಿಗೆ ಒರಗಿ ಕೂತಿದ್ದ. ಕಂಬಳಿಯನ್ನು ಬಲಗೆನ್ನೆಗೆ ಒತ್ತಿ ಹಿಡಿದಿದ್ದ, ಅದರಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವನ ಹೆಂಡತಿ ಪಕ್ಕದಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು.

"ಕಿವಿ ಕೊಯ್ದ್ನವ್ವಾ! 'ನಿಂಗೂ ಒಂದು ಗುರುತಿರ್ಲಿ' ಅಂತ ಕುರಿ ಕಿವಿ ಕೊಯ್ದಂಗ ಕೊಯ್ದ್ನವ್ವಾ!"

ಮಮತಾ ಗುಡಿಯ ಜಗಲಿಯ ಮೇಲಿದ್ದಳು. ಮರಿಗಳಿಗೆ ಸೊಪ್ಪು ಎಳೆಯುವ ದೋಟಿ ಅವಳ ಕೈಯಲ್ಲಿತ್ತು. ಆಳೆರಡುದ್ದದ ಬಿದಿರು, ತುದಿಗೆ ಕುಡುಗೋಲು. ದೇವರಾಜ ಕೆಳಗಿನಿಂದ ಮಚ್ಚು ಬೀಸುತ್ತ ಮೆಟ್ಟಿಲು ಹತ್ತಲು ನೋಡುತ್ತಿದ್ದ. ಅವನ ಬಿಳಿ ಅಂಗಿ ಹೊಟ್ಟೆಯವರೆಗೆ ಕೆಂಪಾಗಿತ್ತು, ಯಾರ ರಕ್ತವೋ. ಅವಳು ಚುಚ್ಚುತ್ತಿದ್ದಳು, ಅವನು ಬಿದಿರಿನ ಮೇಲೆ ಕಡಿಯುತ್ತಿದ್ದ. ಪ್ರತಿ ಏಟಿಗೂ ಬಿದಿರಿನ ಸಿಬಿರು ಹಾರುತ್ತಿತ್ತು. ಅವಳ ಬಲಗೈಯ ಹೊಲಿಗೆ ಬಿಚ್ಚಿಕೊಂಡು ರಕ್ತ ಬಿದಿರಿನುದ್ದಕ್ಕೂ ಇಳಿಯುತ್ತಿತ್ತು. ಅವಳ ಹಿಡಿತ ಜಾರುತ್ತಿತ್ತು.

ನನ್ನಲ್ಲಿ ಆಯುಧವಿರಲಿಲ್ಲ. ಬಾಯಿತ್ತು.

"ಲೇ ದೇವರಾಜಾ! ಬಲಗೈ ಅಂತ ನನ್ನ ಮುಂದೆ ಒಪ್ಕೊಂಡಿಯಲ್ಲೋ! ಅವಳನ್ನ ಕೊಂದ್ರೂ ನಾನಿದೀನಿ ಸಾಕ್ಷಿ! ಬಾರೋ, ಮೊದ್ಲು ನನ್ನ ಕೊಲ್ಲು!"

ಅವನು ತಿರುಗಿದ. ಒಂದು ಕ್ಷಣ ಲೆಕ್ಕ ಹಾಕಿದ. ಆಮೇಲೆ ನನ್ನ ಕಡೆ ಹೊರಟ. ನವೀನ್ ಎಸೆದ ಕಲ್ಲು ಅವನ ಭುಜಕ್ಕೆ ಬಿತ್ತು, ಆದರೂ ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ಇಟ್ಟಿರಬಹುದು. ಮಮತಾ ಜಗಲಿಯಿಂದ ಹಾರಿ, ಹಿಂದಿನಿಂದ ದೋಟಿ ಚಾಚಿ, ಕೊಂಬೆಗೆ ಕೊಕ್ಕೆ ಹಾಕಿದ ಹಾಗೆ ಕುಡುಗೋಲನ್ನು ಅವನ ಮೊಣಕಾಲ ಹಿಂಬದಿಗೆ ಸಿಕ್ಕಿಸಿದಳು. ಮೈಯ ಭಾರವನ್ನೆಲ್ಲ ಹಾಕಿ ಎಳೆದಳು. ಒದ್ದೆ ಹಗ್ಗ ತುಂಡಾದ ಸದ್ದು. ಅವನು ಮುಖವಡಿಯಾಗಿ ಬಿದ್ದ, ಮಚ್ಚು ದೂರ ಹಾರಿತು. ನವೀನ್ ಓಡಿ ಅದರ ಮೇಲೆ ಕಾಲಿಟ್ಟ.

ಮಮತಾ ಕುಡುಗೋಲನ್ನು ಬಿಡಿಸಿಕೊಂಡು ಅವನ ಕುತ್ತಿಗೆಯ ಹತ್ತಿರ ತಂದಳು. ಅವನು ನೆಲ ಕಚ್ಚಿಕೊಂಡು ಅರಚುತ್ತಿದ್ದ. ರಕ್ತ ತೋಡಿನ ನೀರಿನ ಹಾಗೆ ಹೊರಬರುತ್ತಿತ್ತು.

"ಬೇಡ ಮಮತಾ."

"ಯಾಕೆ ಬೇಡ?" ಅವಳ ದನಿ ಬಹಳ ಶಾಂತವಾಗಿತ್ತು.

"ಇವನು ಸತ್ರೆ ಜೈಲಿಗೆ ಹೋಗೋಳು ನೀನು. ಬದುಕಿದ್ರೆ ಇವನು. ಲೆಕ್ಕ ಅಷ್ಟೇ ಕಣೇ. ಕರುಣೆ ಗಿರುಣೆ ಅಲ್ಲ."

ಅವಳು ಕುಡುಗೋಲನ್ನು ಅವನ ಕುತ್ತಿಗೆಯಿಂದ ಹಿಂದಕ್ಕೆ ತೆಗೆದಳು. ಆಮೇಲೆ ದೋಟಿಯನ್ನು ಕೆಳಗೆ ಹಾಕಿ, ನಾಯಿಯ ಹತ್ತಿರ ಹೋಗಿ ಕೂತು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಒಂದು ಕೈಯಲ್ಲಿ, ನವೀನ್ ಎರಡು ಕೈಯಲ್ಲಿ, ನನ್ನ ಬೆರಳಿಗೆ ಸುತ್ತಿದ್ದ ಟವೆಲ್ಲನ್ನೇ ಬಿಚ್ಚಿ ದೇವರಾಜನ ತೊಡೆಗೆ ಬಿಗಿದು ಕಟ್ಟಿದೆವು. ಕಟ್ಟುವಾಗ ಅವನು ನನ್ನ ಮುಖಕ್ಕೆ ಉಗುಳಿದ. ಒರೆಸಿಕೊಂಡು, ಗಂಟು ಇನ್ನಷ್ಟು ಬಿಗಿದೆ. ಪೊಲೀಸರ ಗಾಡಿ ಬರುವಷ್ಟರಲ್ಲಿ ನಾಯಿ ಸತ್ತಿತ್ತು.

ಮೂರು ವಾರದ ಮೇಲೆ ಮಮತಾ ಮತ್ತು ಸಣ್ಣಬೀರಪ್ಪ ನನ್ನ ಅಂಗಡಿಗೆ ಬಂದರು. ನ್ಯಾಯಾಲಯಕ್ಕೆ ಕೊಡಲು ಅವಳದೊಂದು ಪ್ರಮಾಣಪತ್ರ ಬೇಕಿತ್ತು. ದೇವರಾಜನ ಕಾಲು ಇನ್ನು ನೆಟ್ಟಗಾಗುವುದಿಲ್ಲವಂತೆ. ಆದರೆ ಜಾಮೀನು ಇವತ್ತೋ ನಾಳೆಯೋ ಸಿಕ್ಕೀತು, ಅವನಿಗೆ ಅಣ್ಣತಮ್ಮಂದಿರೂ ಇದ್ದಾರೆ ಎಂದು ವಕೀಲರು ಎಚ್ಚರಿಸಿದ್ದರು. ಸಣ್ಣಬೀರಪ್ಪನ ಬಲಗಿವಿ ಅರ್ಧವೇ ಇತ್ತು. ಅದರ ಮೇಲೆ ಟವೆಲ್ ಸುತ್ತಿಕೊಂಡಿದ್ದ. ನನ್ನ ಎರಡು ಬೆರಳಿಗೆ ಪ್ಲಾಸ್ಟರ್.

ಎಡಗೈಯ ಒಂದು ಬೆರಳಲ್ಲಿ ಟೈಪ್ ಮಾಡಲು ಶುರುಮಾಡಿದೆ. ನಾಲ್ಕು ಸಾಲಾದ ಮೇಲೆ ಮಮತಾ ಕೇಳಿದಳು:

"ಅಮ್ಮಾ, ನಾವು ಅಲ್ಲಿದೀವಿ ಅಂತ ಅವನಿಗೆ ಹೆಂಗೆ ಗೊತ್ತಾಯ್ತು?"

ನಾನು ಪೊಲೀಸರಿಗೆ ಹೇಳಿದ್ದೆ. ಪತ್ರಿಕೆಯ ಪ್ರತಿಯನ್ನೂ ಕೊಟ್ಟಿದ್ದೆ. 'ಎಡಗೈ ಅಲ್ಲ, ಬಲಗೈ' ಎಂಬ ಅವನ ಮಾತೇ ನಮ್ಮ ಬಲವಾದ ಸಾಕ್ಷಿ ಎಂದು ವಕೀಲರು ನನ್ನನ್ನು ಹೊಗಳಿಯೂ ಇದ್ದರು. ಇವಳಿಗೆ ಮಾತ್ರ ಹೇಳಿರಲಿಲ್ಲ.

ಡ್ರಾಯರಿನಿಂದ ಪತ್ರಿಕೆ ತೆಗೆದು ಓದಿದೆ. ಈ ಸಲ ಚೆನ್ನಾಗಿ ಓದಲಾಗಲಿಲ್ಲ. ಹೆಸರುಗಳೆಲ್ಲ ಬೇರೆ, ಆದರೂ ಎರಡನೇ ವಾಕ್ಯಕ್ಕೇ ಅವಳಿಗೆ ಗೊತ್ತಾಯಿತು. ನೀಲಿ ಪಟ್ಟಿ ಎಂಬಲ್ಲಿಗೆ ಬಂದಾಗ ಸಣ್ಣಬೀರಪ್ಪ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಕೊನೆಯವರೆಗೆ ಓದಿ ಮಡಚಿಟ್ಟೆ.

"ನನ್ನ ಯಾಕ್ ಕೊಂದ್ರಿ?" ಎಂದಳು ಮಮತಾ.

"ವಾರಕ್ಕೊಂದು ಹೆಣ ಬೇಕಿತ್ತು ಕಣವ್ವ."

"ಬ್ಯಾರೆ ಯಾರೂ ಸಿಗ್ಲಿಲ್ವಾ?"

"ಇಲ್ಲ. ಆರು ತಿಂಗಳು ಹುಡುಕಿದ್ದೆ. ನೀನು ಬಂದೆ."

ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ತನ್ನ ಕೈಯ ಹೊಸ ಹೊಲಿಗೆಯನ್ನು ನೋಡುತ್ತ ಕೂತಳು. ಪ್ರಿಂಟರಿನ ದೀಪ ಮಿಣುಕುತ್ತಿತ್ತು. ಹೊರಗೆ ಯಾರೋ ಪಹಣಿಗೆ ಬಂದವರು ಇಣುಕಿ ಹೋದರು.

"ಬರೀರಿ" ಎಂದಳು ಕೊನೆಗೆ. "ಇದ್ರಾಗಾದ್ರೂ ಬಲಗೈ ಅಂತ ಬರೀರಿ."

ಬರೆದೆ. ಅವಳು ಹೇಳಿದಂತೆ, ಒಂದು ಮಾತೂ ಸೇರಿಸಬಾರದೆಂದುಕೊಂಡೇ ಬರೆದೆ. ಒಂದೊಂದು ಪ್ಯಾರಾ ಆದಾಗಲೂ ಓದಿ ಹೇಳಿಸಿದಳು. ಎರಡು ಕಡೆ ತಿದ್ದಿಸಿದಳು. ಒಂದು ಕಡೆ ನಾನು 'ನಿರ್ದಯವಾಗಿ' ಎಂದು ಹಾಕಿದ್ದನ್ನು ತೆಗೆಸಿದಳು, "ಅದು ನಾನು ಹೇಳಿದ್ದಲ್ಲ" ಎಂದು. ಮಧ್ಯೆ ನವೀನನ ಹಳೇ ಫೋನು ಹೊಡೆದುಕೊಂಡಿತು. ನನ್ನದು ಒಡೆದ ಮೇಲೆ ಅವನು ಕೊಟ್ಟದ್ದು. ರವಿಯ ನಂಬರು. ಅವತ್ತು ಮಂಗಳವಾರ. ಹೊಡೆದುಕೊಳ್ಳಲು ಬಿಟ್ಟೆ.

ಮಂದೆಯ ವಿವರಕ್ಕೆ ಬಂದೆವು. 'ಸದರಿ ದಿನ ಮಂದೆಯಲ್ಲಿ ಎಂಬತ್ತು ಕುರಿಗಳಿದ್ದು, ಕುತ್ತಿಗೆಯ ಸುತ್ತ ನೀಲಿ ಪಟ್ಟಿಯ ಗುರುತು' ಎಂದು ಹೊಡೆದೆ.

"ಆಗ ನೀಲಿ ಇತ್ರೀ" ಎಂದ ಸಣ್ಣಬೀರಪ್ಪ. "ಈಗ ಎಲ್ಲಾ ಅಳಿಸಿ ಬ್ಯಾರೆ ಹಚ್ಚೀನಿ. ಮುಂದಿನ ಹೊಲನೂ ಬ್ಯಾರೆ ಕಡೆ ಮಾತಾಡೀನಿ."

"ಹೌದಾ? ಈಗ ಯಾವ ಬಣ್ಣ?"

ಸುಮ್ಮನೆ ಕೇಳಿದೆ. ಪ್ರಮಾಣಪತ್ರಕ್ಕೆ ಅದು ಬೇಕಿರಲಿಲ್ಲ. ಕೇಳುವುದು ನನಗೆ ಅಭ್ಯಾಸ.

ಸಣ್ಣಬೀರಪ್ಪ ಹೇಳಲು ಬಾಯಿ ತೆರೆದ. ಮಮತಾ ಅವನ ತೋಳಿನ ಮೇಲೆ ಕೈಯಿಟ್ಟಳು.

"ಅದೊಂದು ಬ್ಯಾಡ ಬಿಡ್ರಿ ಅಮ್ಮಾ" ಎಂದಳು. "ಮುಂದಿನ ಸಾಲು ಬರೀರಿ."

ಮುಂದಿನ ಸಾಲು ಬರೆದೆ.